ಕೆರೆಯ ಜೊಂಡು ಕೊಯ್ಯುವವರು ಯಾರು?

2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂತು. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಏಳುತ್ತಿದ್ದ ಸೀಮೆ ಇದು. ಕೆರೆಗೆ ನೀರು ಬಂತು ಅಂದ್ರೆ ಹಬ್ಬವೇ. ಆದರೆ ಜುಲೈ ಮುಗಿಯುವ ಮೊದಲೇ ಅದೇ ಕೆರೆಯಲ್ಲಿ ನೊರೆ ಎದ್ದಿತು. ನೀರು ಹರಿಸುವುದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಅದೂ ತೆರವಾಗಿ ನೀರು ಮತ್ತೆ ಹರಿಯಿತು.

ಕೋಲಾರಕ್ಕೆ ಈ ನೀರು ತರುವ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಚಿಕ್ಕಬಳ್ಳಾಪುರದ ಕಡೆಗಿನ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯದ್ದು 210. ಎರಡರಲ್ಲೂ ಬರುವುದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ಕೊಳಚೆ ನೀರು. ಮೂರನೇ ಹಂತವೂ ಆಗಲೇಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಪಟ್ಟು ಹಿಡಿದಿದ್ದು ಅದಕ್ಕೇ.

ಎರಡನೇ ಹಂತದಲ್ಲಿ ಕೊಳೆಯುವ ವಸ್ತು ಬಹುಪಾಲು ಹೋಗುತ್ತದೆ. ಸಾರಜನಕ, ರಂಜಕ ಸಾಕಷ್ಟು ಉಳಿಯುತ್ತವೆ. ಅವನ್ನು ತೆಗೆಯುವುದು ಮೂರನೇ ಹಂತದ ಕೆಲಸ. ಹೊಲಕ್ಕೆ ಚೀಲಗಟ್ಟಲೆ ದುಡ್ಡು ಕೊಟ್ಟು ಹಾಕುವ ಗೊಬ್ಬರವೂ ಇದೇ ಅಲ್ವಾ? ಹೊಲದಲ್ಲಿ ಪೈರು ಬೆಳೆಯುತ್ತದೆ, ನಿಂತ ನೀರಿನಲ್ಲಿ ಪಾಚಿ ಬೆಳೆಯುತ್ತದೆ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ತೇಲುತ್ತವೆ.

ಈ ಗೊಬ್ಬರವನ್ನು ಗಿಡಗಳಿಂದಲೇ ತೆಗೆಸಬಹುದು ಎಂಬ ಯೋಚನೆ ಹಳೆಯದು. 1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಕೇಟ ಸೈಡಲ್ ಜೊಂಡಿನ ಜಾತಿಯ ಗಿಡಗಳನ್ನು ಕೊಳಕು ನೀರಿನಲ್ಲಿ ಬೆಳೆಸಿ ನೋಡಿದರು. ಕೊಳಚೆ ತಿಳಿಗೊಳಿಸಲು ಇಂದು ಲೋಕವೆಲ್ಲ ಕಟ್ಟುವ ಕೃತಕ ಜೌಗು ಶುರುವಾದದ್ದು ಅಲ್ಲಿಂದ. 1970ರ ದಶಕದಲ್ಲಿ ಅಮೆರಿಕದ ನಾಸಾದಲ್ಲಿದ್ದ ವುಲ್ವರ್ಟನ್ ಕೊಳಚೆ ಹೊಂಡಕ್ಕೆ ಬಿಟ್ಟದ್ದು ಯಾವ ಗಿಡ ಗೊತ್ತಾ? ನೇರಳೆ ಹೂವಿನ ನೀರುಕಳೆ. ನಮ್ಮಲ್ಲಿ ಅದನ್ನೂ ಅಂತರಗಂಗೆ ಅಂತಲೇ ಕರೆಯುತ್ತಾರೆ. ಕೋಲಾರದವರಿಗೆ ಅಂತರಗಂಗೆ ಎಂದರೆ ಬೆಟ್ಟ, ಬತ್ತದ ಬುಗ್ಗೆ. ಕೆರೆ ಮುಚ್ಚುವ ಕಳೆಗೂ ಅದೇ ಹೆಸರು!

ಅಸಲಿಗೆ ಜೌಗಿನಲ್ಲಿ ಹೆಚ್ಚಿನ ಕೆಲಸ ಗಿಡದ್ದಲ್ಲ, ಬೇರಿಗೆ ಅಂಟಿರುವ ಬ್ಯಾಕ್ಟೀರಿಯಾದ್ದು. ಆಪು, ಜೊಂಡು ಎಲೆಯಿಂದ ಬೇರಿಗೆ ಗಾಳಿ ಇಳಿಸುತ್ತವೆ. ಆ ಗಾಳಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಪಕ್ಕದಲ್ಲೇ, ಗಾಳಿಯಿಲ್ಲದ ಕೆಸರಿನಲ್ಲಿ ಇನ್ನೊಂದು ಬಗೆಯವು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ.

ರಂಜಕಕ್ಕೆ ಹೀಗೆ ಹಾರಿಹೋಗುವ ದಾರಿಯಿಲ್ಲ. ಅದು ಜೌಗಿಗೆ ಹಾಸಿದ ಜಲ್ಲಿ, ಮಣ್ಣಿಗೆ ಅಂಟಬೇಕು, ಇಲ್ಲವೇ ಗಿಡದೊಳಗೆ ಸೇರಬೇಕು. ಜಲ್ಲಿಯಲ್ಲಿ ಅಂಟಲು ಜಾಗ ಒಂದಲ್ಲ ಒಂದು ದಿನ ಮುಗಿಯುತ್ತದೆ. ಗಿಡ ಅಲ್ಲೇ ಸತ್ತರೆ ಹೀರಿದ್ದೆಲ್ಲ ವಾಪಸ್ ನೀರಿಗೆ. ಕೊಯ್ದು ದಡಕ್ಕೆ ಹಾಕಬೇಕು, ಅಲ್ಲಿಂದಲೂ ಸಾಗಿಸಬೇಕು. ಗಿಡ ನೆಡುವ ದಿನ ಫೋಟೊಗೆ ಜನ ಸಿಗುತ್ತಾರೆ, ಕೊಯ್ಯುವ ದಿನ ಯಾರೂ ಇರುವುದಿಲ್ಲ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಈ ಏರ್ಪಾಡು ಇದೆ. ಶುದ್ಧೀಕರಣ ಘಟಕದ ನೀರು ಮೊದಲು ಜೌಗಿಗೆ, ಆಮೇಲೆ ಕೆರೆಗೆ. ಕೋಲಾರಕ್ಕೆ ಬರುವಷ್ಟು ನೀರನ್ನು ಒಂದೇ ಕಡೆ ಹೀಗೆ ಹಾಯಿಸಲು ನೂರಾರು ಎಕರೆ ಬೇಕಾದೀತು. ಆದರೆ ಇಲ್ಲಿನ ಕೆರೆಗಳು ಸರಪಳಿ. ಒಂದರ ಕೋಡಿ ಇನ್ನೊಂದರ ಮೂಲ. ಪ್ರತಿ ಕೆರೆಯ ನೀರು ಬರುವ ಬಾಯಲ್ಲಿ ಒಂದಿಷ್ಟು ಜೊಂಡು ಬಿಟ್ಟು, ಉಳಿದ ಅಂಗಳ ಬಯಲಾಗಿಟ್ಟರೆ ಸಾಲುಸಾಲಾಗಿ ಜರಡಿ ಹಿಡಿದ ಹಾಗೆ. ಚಳಿಗಾಲಕ್ಕೆ ಗಿಡ ಒಣಗುವ ಜರ್ಮನಿಯ ತೊಂದರೆ ನಮಗಿಲ್ಲ. ಜೊಂಡು ಎಲೆಯಿಂದ ನೀರು ಆವಿ ಮಾಡುತ್ತದೆ ಎನ್ನುವ ರೈತರ ತಕರಾರು ಮಾತ್ರ ನಿಜವೇ. ಅದಕ್ಕೇ ಬಾಯಿಗಷ್ಟೇ ಸಾಕು ಅನ್ನುವುದು.

ಕೆರೆಯಿಂದ ಗೊಬ್ಬರ ಹೊರಗೆ ಹಾಕುವುದು ಈ ಸೀಮೆಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಕೆರೆ ಗೋಡು ತುಂಬಿ ಹೊಲಕ್ಕೆ ಹೊಡೆಯುತ್ತಿದ್ದವರು ಮಾಡುತ್ತಿದ್ದದ್ದೂ ಅದನ್ನೇ. ಈಗ ಕೆರೆ ಬತ್ತುವುದಿಲ್ಲ, ಗೋಡು ಸಿಗುವುದಿಲ್ಲ. ಅದರ ಬದಲು ಜೊಂಡಿದೆ. ನಗರದ ನೀರಿನಲ್ಲಿ ಬೆಳೆದ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹವನ್ನೂ ಹೀರಿರಬಹುದು. ಹಾಗಾಗಿ ಸುಮ್ನೆ ದನಕ್ಕೆ ಹಾಕುವಂತಿಲ್ಲ. ಮೊದಲು ಪರೀಕ್ಷೆ ಆಗಬೇಕು, ಆಮೇಲೆ ತಿಪ್ಪೆ.