ಎಂದೋ ಒಮ್ಮೆ ಹಾಕಿದ ತುತ್ತಿಗೆ ನಾಯಿ ದಿನವೂ ಕಾಯುವುದೇಕೆ?

ಪ್ರಶ್ನೆ: ನಾವು ಊಟಕ್ಕೆ ಕುಳಿತ ಕೂಡಲೇ ನಮ್ಮ ನಾಯಿ ಪಕ್ಕಕ್ಕೆ ಬಂದು ಕುಂಯ್‌ಗುಡುತ್ತದೆ, ಮುಂಗಾಲಿನಿಂದ ಕೆರೆಯುತ್ತದೆ. ಎಂದಾದರೊಮ್ಮೆ ಮನಸ್ಸು ಕರಗಿ ಚಪಾತಿಯ ಚೂರು ಹಾಕುತ್ತೇವೆ. ಉಳಿದ ದಿನಗಳಲ್ಲಿ ಗದರಿ ಕಳುಹಿಸುತ್ತೇವೆ. ಆದರೂ ಈ ಚಾಳಿ ಹೆಚ್ಚುತ್ತಲೇ ಇರುವುದೇಕೆ?

ಉತ್ತರ: ಎಂದಾದರೊಮ್ಮೆ ಮಾತ್ರ ಕೊಡುತ್ತೀರಿ ಎಂಬುದೇ ಅದಕ್ಕೆ ಕಾರಣ. ಬೇಡಿದಾಗಲೆಲ್ಲ ತಿನಿಸು ಸಿಗುತ್ತಿದ್ದ ನಾಯಿಗೆ ಅದು ನಿಂತುಹೋದದ್ದು ಬೇಗನೆ ತಿಳಿಯುತ್ತದೆ. ಯಾವ ದಿನ ಸಿಗುತ್ತದೆ, ಯಾವ ದಿನ ಇಲ್ಲ ಎಂಬುದನ್ನು ಊಹಿಸಲಾಗದ ನಾಯಿಯಾದರೋ, ಹತ್ತು ದಿನ ಬರಿಗೈಯಲ್ಲಿ ಹೋದರೂ ಹನ್ನೊಂದನೆಯ ದಿನ ಅದೇ ಆಸೆಯಿಂದ ಬಂದು ನಿಲ್ಲುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ದೀರ್ಘ ಪ್ರಯೋಗಗಳ ವಿವರಗಳನ್ನು 1957ರಲ್ಲಿ ಪ್ರಕಟಿಸಿದರು. ಬಿಲ್ಲೆಯನ್ನು ಕುಕ್ಕಿದಾಗ ಕೆಲವೊಮ್ಮೆ ಮಾತ್ರ ಕಾಳು ಪಡೆದು ಕಲಿತ ಹಕ್ಕಿಗಳು, ಕಾಳು ಪೂರ್ತಿಯಾಗಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತಿದ್ದವು. ನಿಮ್ಮ ಊಟದ ಮನೆಯಲ್ಲಿ ನಡೆಯುತ್ತಿರುವುದೂ ಇದೇ.

ಗದರುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಮನೆಯವರ ಗಮನಕ್ಕಾಗಿ ಹಾತೊರೆಯುವ ನಾಯಿಗೆ, ನೀವು ತಿರುಗಿ ನೋಡಿ ಮಾತಾಡಿದ್ದೇ ಒಂದು ಫಲವಾಗಿಬಿಡಬಹುದು.

ಆದ್ದರಿಂದ ಊಟದ ಜಾಗದಲ್ಲಿ ಏನನ್ನೂ ಕೊಡದಿರುವ ನಿಯಮಕ್ಕೆ ಮನೆಮಂದಿಯೆಲ್ಲ ಒಪ್ಪಬೇಕು. ಆ ನಿಯಮ ಆರಂಭವಾದ ಮೊದಲ ಕೆಲವು ದಿನಗಳು ಅತ್ಯಂತ ಕಷ್ಟದವು, ಮತ್ತು ಬಹುತೇಕ ಮನೆಗಳು ಸೋಲುವುದು ಇಲ್ಲಿಯೇ. ಇಷ್ಟು ದಿನ ಫಲ ಕೊಟ್ಟ ಉಪಾಯ ಈಗ ನಡೆಯದಿದ್ದಾಗ ನಾಯಿ ಸುಮ್ಮನಾಗುವ ಮೊದಲು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಕುಂಯ್‌ಗುಡುತ್ತಿದ್ದದ್ದು ಬೊಗಳುತ್ತದೆ, ಕೆರೆಯುತ್ತಿದ್ದದ್ದು ಮೈಮೇಲೆ ಹತ್ತುತ್ತದೆ. ಈ ರಭಸ ಪಾಠ ನಾಟುತ್ತಿರುವುದರ ಸೂಚನೆ. ಆ ಹೊತ್ತಿನಲ್ಲಿ ಸಹಿಸಲಾಗದೆ ಒಂದು ತುತ್ತು ಹಾಕಿದರೆ, ಜೋರಾಗಿ ಬೊಗಳಿದರೆ ಸಿಗುತ್ತದೆ ಎಂದು ನೀವೇ ಕಲಿಸಿದಂತಾಗುತ್ತದೆ.

ಬೇಡವೆಂದಷ್ಟೇ ಹೇಳಿದರೆ ಸಾಲದು, ಆ ಸಮಯದಲ್ಲಿ ಏನು ಮಾಡಬೇಕೆಂದೂ ನಾಯಿಗೆ ತಿಳಿಯಬೇಕು. ಸ್ವಲ್ಪ ದೂರದಲ್ಲಿ ಚಾಪೆ ಹಾಸಿ, ಅದರ ಮೇಲೆ ಮಲಗಿದರೆ ಮಾತ್ರ ಅದರದೇ ಆಹಾರದ ಒಂದೆರಡು ಕಾಳುಗಳನ್ನು ಅಲ್ಲಿಯೇ, ಆ ಕ್ಷಣವೇ ಕೊಡಿ. ಮೊದಮೊದಲು ಪ್ರತಿ ಸಲವೂ ಕೊಟ್ಟು, ಅಭ್ಯಾಸ ಕುದುರಿದ ಮೇಲೆ ಒಮ್ಮೊಮ್ಮೆ ಕೊಟ್ಟರೆ ಸಾಕು. ಕೆಟ್ಟ ಚಾಳಿಯನ್ನು ಗಟ್ಟಿ ಮಾಡಿದ ಅನಿಶ್ಚಿತತೆಯೇ ಇಲ್ಲಿ ಒಳ್ಳೆಯ ಅಭ್ಯಾಸವನ್ನು ಉಳಿಸುತ್ತದೆ. ಮಾತಿನಲ್ಲಿಯೂ ಏಕರೂಪತೆ ಬೇಕು: ಒಬ್ಬರು "ಹೋಗು", ಇನ್ನೊಬ್ಬರು "ಪ್ಲೇಸ್", ಮಕ್ಕಳು "ಚಾಪೆ" ಎಂದರೆ ನಾಯಿಗೆ ಅವು ಮೂರು ಬೇರೆ ಸದ್ದುಗಳು. ಒಂದೇ ಪದವನ್ನು ಆರಿಸಿಕೊಂಡು, ಜೊತೆಗೆ ಒಂದೇ ಕೈಸನ್ನೆಯನ್ನು ಎಲ್ಲರೂ ಬಳಸಿ. ಸನ್ನೆಯನ್ನು ನಾಯಿಗಳು ಚೆನ್ನಾಗಿ ಗ್ರಹಿಸುತ್ತವೆ.

ನಮ್ಮ ಮನೆಗಳಲ್ಲಿ ಈ ನಿಯಮ ಸಡಿಲಗೊಳ್ಳುವುದು ಸಾಮಾನ್ಯವಾಗಿ ಅಜ್ಜಿ ತಾತಂದಿರ ಪ್ರೀತಿಯಿಂದ. ಅವರನ್ನು ಆಕ್ಷೇಪಿಸುವುದು ಸರಿಯಲ್ಲ, ಅದರಿಂದ ಕೆಲಸವೂ ಆಗದು. ಎಲ್ಲರ ಊಟ ಮುಗಿದ ನಂತರ ನಾಯಿಯ ಬಟ್ಟಲಿಗೆ ಆಹಾರ ಹಾಕುವ ಕೆಲಸವನ್ನು ಅಜ್ಜಿಗೇ ವಹಿಸಿದರೆ, ಅವರ ಕೈಯಿಂದ ತಿನ್ನುವ ಸಂತೋಷ ನಾಯಿಗೂ ಉಳಿಯುತ್ತದೆ, ನಿಯಮವೂ ಮುರಿಯುವುದಿಲ್ಲ. ತಟ್ಟೆಯಿಂದ ಕೊಡದಿರಲು ಇನ್ನೂ ಒಂದು ಕಾರಣವಿದೆ: ನಮ್ಮ ಪಲ್ಯ, ಸಾರುಗಳಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ; ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡಗಳಿಗೆ ಅಪಾಯವಿದೆ.

ಚಾಳಿ ಬಿಟ್ಟುಹೋಯಿತು ಎಂದುಕೊಂಡ ಕೆಲವು ವಾರಗಳ ನಂತರ ಅದು ಒಮ್ಮೆ ಮತ್ತೆ ತಲೆಯೆತ್ತುವುದುಂಟು, ಅದರಲ್ಲಿಯೂ ನೆಂಟರು ಬಂದು ಸಾಲಾಗಿ ಎಲೆ ಹಾಕಿದಾಗ. ನಿಯಮ ತಿಳಿಯದ ಒಬ್ಬ ಅತಿಥಿ ಕೊಟ್ಟ ಹೋಳಿಗೆಯ ಚೂರೂ ಹಳೆಯ ಆಸೆಯನ್ನು ಎಬ್ಬಿಸಬಲ್ಲುದು. ಅಂತಹ ದಿನ ಬಂದವರಿಗೆಲ್ಲ ಬಡಿಸುವ ಮೊದಲೇ ವಿಷಯ ತಿಳಿಸಿ, ಅದು ಸಾಧ್ಯವಾಗದಿದ್ದರೆ ಊಟ ಮುಗಿಯುವವರೆಗೆ ನಾಯಿಯನ್ನು ಅಗಿಯಲು ಏನಾದರೂ ಕೊಟ್ಟು ಬೇರೆ ಕೋಣೆಯಲ್ಲಿ ಬಿಡಿ.