ಇಷ್ಟ್ ವರ್ಷದಿಂದ ಇದೆ ಡಾಕ್ಟ್ರೇ, ಇಮ್ಯೂನಿಟಿ ಬಂದಿರುತ್ತಲ್ವಾ?

ಹೆಪಟೈಟಿಸ್ ಬಿ ಅಂದ್ರೆ ಲಿವರ್‌ಗೆ ಬರೋ ವೈರಸ್ ಸೋಂಕು, ಅದರ ಮಾತ್ರೆ ತಾವಾಗೇ ನಿಲ್ಲಿಸಿ ಬರೋರ ಬಾಯಲ್ಲಿ ಇದೇ ಮಾತು. ವೈರಸ್ ಹಳೇದಾದಷ್ಟೂ ದೇಹಕ್ಕೆ ಅದರ ಪರಿಚಯ ಜಾಸ್ತಿ, ಹಂಗಾಗಿ ಇಮ್ಯೂನಿಟಿನೂ ಜಾಸ್ತಿ ಅಂತ ಲೆಕ್ಕ. ಕೇಳೋಕೆ ಸರಿಯಾಗೇ ಇದೆ, ಆದ್ರೆ ಒಳಗೆ ಆಗೋದು ಉಲ್ಟಾ.

ದಡಾರ ತಗೊಳ್ಳಿ. ಬಂತು, ಹೋಯ್ತು. ಇಂಥ ಸೋಂಕಲ್ಲಿ ಟಿ ಸೆಲ್‌ಗಳು, ಅಂದ್ರೆ ಸೋಂಕಾದ ಸೆಲ್‌ನ ಹುಡುಕಿ ಕೊಲ್ಲೋ ನಮ್ಮ ದೇಹದ ಸೈನಿಕರು, ಒಂದು ವಾರದೊಳಗೆ ಸಾವಿರಾರು ಪಟ್ಟು ಹೆಚ್ಚಾಗಿ, ವೈರಸ್ ಖಾಲಿ ಆದ್ಮೇಲೆ ಬಹುಪಾಲು ಸತ್ತೋಗ್ತವೆ, ಇಲಿಗಳಲ್ಲಿ ನೋಡಿದ ಲೆಕ್ಕದಲ್ಲಿ 5-10% ಉಳೀತವೆ. ಆ ಉಳಿದವೇ ವೈರಸ್‌ನ ನೆನಪಿಟ್ಕೊಳ್ಳೋ ಮೆಮೊರಿ ಸೆಲ್‌ಗಳು. ಅವುಕ್ಕೆ ಆಮೇಲೆ ವೈರಸ್ ಕಾಣಿಸ್ಲೇಬೇಕು ಅಂತಿಲ್ಲ, ದೇಹದ ಐಎಲ್-7, ಐಎಲ್-15 ಅನ್ನೋ ಸಿಗ್ನಲ್‌ಗಳಲ್ಲೇ ಬದುಕಿರ್ತವೆ. 1846ರಲ್ಲಿ ಫಾರೋ ದ್ವೀಪಗಳಿಗೆ ದಡಾರ ನುಗ್ಗಿದಾಗ, 1781ರಲ್ಲಿ ಒಮ್ಮೆ ಬಂದು ಹೋಗಿದ್ದ ಮುದುಕರಿಗೆ ಮತ್ತೆ ಬರ್ಲಿಲ್ಲ ಅಂತ ಪಾನುಂ ಅನ್ನೋ ಡ್ಯಾನಿಷ್ ಡಾಕ್ಟರ್ ಬರೆದಿಟ್ಟಿದಾರೆ. 65 ವರ್ಷ! (ಇದರಲ್ಲಿ ಆಂಟಿಬಾಡಿ ಮಾಡೋ ಬಿ ಸೆಲ್‌ಗಳದ್ದೂ ದೊಡ್ಡ ಪಾಲಿದೆ, ಅದು ಬೇರೆ ಕಥೆ.)

ಇಲ್ಲಿ ಒಂದು ಷರತ್ತಿದೆ, ದಯವಿಟ್ಟು ಇದೊಂದನ್ನ ಎರಡು ಸಲ ಓದಿ. ವೈರಸ್ ಹೋಗ್ಬೇಕು. ಅದು ಹೋಗಿ ಸೆಲ್‌ಗೆ ಬಿಡುವು ಸಿಕ್ಕಿದ್ರೇನೇ ಒಳ್ಳೇ ಮೆಮೊರಿ ಆಗೋದು. ವೈರಸ್ ಅಲ್ಲೇ ಕೂತಿದ್ರೆ, ದಿನಾ ಸಾಯೋರಿಗೆ ಅಳೋರ್ಯಾರು ಅನ್ನೋ ಥರ, ಸೆಲ್ ಕೈ ಚೆಲ್ಲುತ್ತೆ. ಮೊದ್ಲು ಹೊಸದಾಗಿ ಹೆಚ್ಚೋ ಶಕ್ತಿ ಕಮ್ಮಿ ಆಗುತ್ತೆ, ಆಮೇಲೆ ಕೊಲ್ಲೋದು ಮಂಕಾಗುತ್ತೆ, ಮೈಮೇಲೆ ಪಿಡಿ-1 ಅನ್ನೋ ಬ್ರೇಕ್ ತುಂಬ್ಕೊಳ್ಳುತ್ತೆ. ಬ್ರೇಕ್ ಸುಮ್ನೆ ಇಲ್ಲ ಮತ್ತೆ. ಹೆಪಟೈಟಿಸ್ ಬಿ ವೈರಸ್ ತಾನೇ ಲಿವರ್ ಸೆಲ್‌ನ ಕೊಲ್ಲೋದು ಕಮ್ಮಿ, ಸೋಂಕಾದ ಲಿವರ್ ಸೆಲ್‌ನ ಕೊಲ್ಲೋದು ನಮ್ಮ ಸೈನ್ಯನೇ, ಅದು ಪೂರ್ತಿ ಜೋರಲ್ಲಿ ಹೊಡೀತಾನೇ ಇದ್ರೆ ಲಿವರ್ ಉಳಿಯಲ್ಲ. ಇಮ್ಯೂನಿಟಿ ಬೂಸ್ಟರ್ ಪುಡಿ ಕೇಳೋರು ಇದನ್ನ ಸ್ವಲ್ಪ ಯೋಚ್ನೆ ಮಾಡ್ಲಿ.

ನಮ್ಮ ಹತ್ರ ಬರೋ ಒಬ್ರು ರಿಟೈರ್ಡ್ ಮೇಷ್ಟ್ರು ಎಸ್‌ಜಿಪಿಟಿನ (ಲಿವರ್‌ಗೆ ಪೆಟ್ಟಾದ್ರೆ ಏರೋ ರಕ್ತ ಪರೀಕ್ಷೆ ಸಂಖ್ಯೆ) ಗ್ರಾಫ್ ಶೀಟಲ್ಲಿ ಗುರುತು ಹಾಕ್ಕೊಂಡು ಬರೋರು, ಅಂಥ ಪೇಷಂಟ್ ಸಿಗೋದೇ ಅಪರೂಪ. ಗೆರೆ ನೆಟ್ಟಗಾಗಿದ್ದು ನೋಡಿ 'ಯುದ್ಧ ಗೆದ್ವಿ' ಅಂತ ತೀರ್ಮಾನ ಮಾಡಿ ಮಾತ್ರೆ ಬಿಟ್ರು. ಗೆರೆ ನೆಟ್ಟಗಿದ್ದಿದ್ದು ಮಾತ್ರೆ ವೈರಸ್‌ನ ಅದುಮಿ ಇಟ್ಟಿದ್ದಕ್ಕೆ. ಕೆಲವು ತಿಂಗಳಲ್ಲಿ ಕಣ್ಣು ಹಳದಿ, ಎಸ್‌ಜಿಪಿಟಿ ಸಾವಿರದ ಮೇಲೆ. ಗ್ರಾಫ್ ಶೀಟಲ್ಲಿ ಜಾಗ ಸಾಲ್ದೆ ಇನ್ನೊಂದು ಹಾಳೆ ಅಂಟಿಸ್ಕೊಂಡು ಬಂದಿದ್ರು ಪುಣ್ಯಾತ್ಮ. ಸುಧಾರಿಸ್ಕೊಂಡ್ರು, ಎಲ್ರಿಗೂ ಆ ಅದೃಷ್ಟ ಇರಲ್ಲ.

ವೈರಸ್ ಹೊರಗೆ ಹಾಕಿದ್ರೆ ಸುಸ್ತಾದ ಸೆಲ್‌ಗಳು ಮೊದಲಿನಂಗೆ ಆಗ್ತವಾ? ಪೂರ್ತಿ ಇಲ್ಲ. ಹೆಪಟೈಟಿಸ್ ಸಿ ಅನ್ನೋ ಇನ್ನೊಂದು ಲಿವರ್ ಸೋಂಕು 8-12 ವಾರದ ಮಾತ್ರೆಲಿ ಬಹುತೇಕರಿಗೆ ವಾಸಿ ಆಗುತ್ತೆ, ಆದ್ರೂ ಆ ಸೆಲ್‌ಗಳಲ್ಲಿ ಹಳೇ ಸುಸ್ತಿನ ಗುರುತು ಉಳಿಯುತ್ತೆ, ಸೋಂಕಿಗೆ ಮತ್ತೆ ಒಡ್ಕೊಂಡ್ರೆ ಕಾಯಿಲೆ ಮತ್ತೆ ಬರಬಹುದು.

ಹೆಪಟೈಟಿಸ್ ಬಿ ಇರೋರಿಗೆಲ್ಲ ಮಾತ್ರೆ ಬೇಕೇ ಬೇಕು ಅಂತ ನಾನು ಹೇಳ್ತಿಲ್ಲ, ಕೆಲವರಿಗೆ ನಿಲ್ಲಿಸೋದೂ ಉಂಟು, ಆದ್ರೆ ಅದು ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು), ಲಿವರ್ ಸ್ಥಿತಿ ನೋಡಿ ನಿಮ್ಮ ಡಾಕ್ಟ್ರು ಮಾಡೋ ತೀರ್ಮಾನ. ಇನ್ನೊಂದು, ಹಿಂದೆ ಯಾವಾಗೋ ಬಂದು ವಾಸಿ ಆಗಿದೆ ಅನ್ನೋರಲ್ಲೂ ವೈರಸ್‌ನ ಡಿಎನ್‌ಎ ಲಿವರ್‌ನಲ್ಲಿ ಅಡಗಿರುತ್ತೆ, ಅದನ್ನ ಹಿಡಿದಿಟ್ಟಿರೋದು ಮೆಮೊರಿ ಸೆಲ್‌ಗಳೇ. ಹಂಗಾಗಿ ಕೀಮೋ, ರಿಟುಕ್ಸಿಮ್ಯಾಬ್ ಥರದ, ಇಮ್ಯೂನಿಟಿ ಕುಗ್ಗಿಸೋ ಟ್ರೀಟ್‌ಮೆಂಟ್ ಶುರು ಮಾಡೋ ಮುಂಚೆ ಹಳೇ ಕಥೆನ ಡಾಕ್ಟ್ರಿಗೆ ಹೇಳಿ, ಅವರು ಕೇಳ್ದೇ ಇದ್ರೂ.