ಸೌಂಡ್ ಕಾರ್ಡಿನ ಪಹಣಿ

ಆಷಾಢದ ಮಳೆ ಹಿಡಿಯಿತೆಂದರೆ ಚಿಕ್ಕಮಗಳೂರಿನ ನಮ್ಮ ಜಿಂಕ್ ಶೀಟಿನ ಮನೆಯಲ್ಲಿ ಎದುರು ಕುಳಿತವರ ಮಾತೂ ಕೇಳಿಸುವುದಿಲ್ಲ. ನನ್ನ ಡೆಸ್ಕ್‌ಟಾಪ್ ಮೂಕವಾಗಿದೆ ಎಂಬುದು ಎರಡು ದಿನ ಗೊತ್ತಾಗದಿದ್ದುದು ಅದರಿಂದಲೇ. ಮೂರನೆಯ ದಿನ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಹಾಡು ಹಾಕಿದೆ. ಪರದೆಯ ಮೇಲೆ ಗೆರೆ ಓಡುತ್ತಿದೆ, ಸ್ಪೀಕರಿನಲ್ಲಿ ಉಸಿರಿಲ್ಲ. ಸೆಟ್ಟಿಂಗ್ಸ್ ತೆರೆದರೆ ಸೌಂಡ್ ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಎಂದಿತ್ತು.

ನನ್ನದು ಲಿನಕ್ಸ್ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಎರಡು ವರ್ಚುವಲ್ ಮಷೀನುಗಳಿವೆ. ಒಂದರಲ್ಲಿ ವಿಂಡೋಸ್ ಎಕ್ಸ್‌ಪಿ: ತೋಟದ ಕೂಲಿ ಲೆಕ್ಕದ ಹಳೆಯ ತಂತ್ರಾಂಶ ಬೇರೆಲ್ಲಿಯೂ ಓಡುವುದಿಲ್ಲ. ಇನ್ನೊಂದರಲ್ಲಿ 64 ಬಿಟ್‌ನ ವಿಂಡೋಸ್ 7. ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಎಂಬ ಈ ಉಪಾಯ ಹೊಸದಲ್ಲ. ಐಬಿಎಂ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಕೊಟ್ಟಿತ್ತು. ಒಳಗಿನ ಅತಿಥಿಗೆ ತಾನು ಬೇರೆಯವರ ಮನೆಯಲ್ಲಿದ್ದೇನೆಂಬ ಅರಿವು ಇರಬೇಕಾಗಿಲ್ಲ. ಸೌಂಡ್ ಕಾರ್ಡ್ ಎಲ್ಲಿ ಎಂದು ಅದು ಹುಡುಕಿದಾಗ ವರ್ಚುವಲ್ ಮಷೀನಿನ ತಂತ್ರಾಂಶ ಒಂದು ವೇಷಧಾರಿ ಕಾರ್ಡನ್ನು ಮುಂದೆ ನಿಲ್ಲಿಸುತ್ತದೆ.

ವೇಷ ಯಾರದ್ದು ಎಂಬುದು ಮುಖ್ಯ. ಸೌಂಡ್ ಬ್ಲಾಸ್ಟರ್ 16, ಎಸಿ97, 2004ರ ಎಚ್‌ಡಿ ಆಡಿಯೊ, ಹೀಗೆ ಎಲ್ಲವೂ ಒಂದು ಕಾಲದ ನಿಜವಾದ ಕಾರ್ಡುಗಳ ನಕಲು. ಅತಿಥಿಯ ಬಳಿ ಆಗಲೇ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಇರಲಿ ಎಂದೇ ಹಳೆಯ ಮುಖಗಳ ಆಯ್ಕೆ. ಎಕ್ಸ್‌ಪಿ ಎಸಿ97 ಅನ್ನು ಕಂಡೊಡನೆ ಗುರುತು ಹಿಡಿಯುತ್ತದೆ. ಅದನ್ನೇ 64 ಬಿಟ್‌ನ ವಿಂಡೋಸ್ 7ಕ್ಕೆ ಕೊಟ್ಟು ನೋಡಿ, ಡ್ರೈವರ್ ಇಲ್ಲದೆ ಪಿಳಿಪಿಳಿ ಕಣ್ಣು ಬಿಡುತ್ತದೆ. ಅದಕ್ಕೆ ಎಚ್‌ಡಿ ಆಡಿಯೊ ಬೇಕು. ಒಳಗಿನ ಯಂತ್ರ ಮಾತ್ರ ಮೂಕವಾಗಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ವೇಷಧಾರಿಗೆ ಇನ್ನೊಂದು ಕೊರತೆಯಿದೆ. ನಿಜವಾದ ಕಾರ್ಡಿಗೆ ಲಯ ಕೊಡಲು ಒಂದು ಹರಳು ಇರುತ್ತದೆ. ಅದರ ತಾಳಕ್ಕೆ ಸೆಕೆಂಡಿಗೆ 48,000 ಬಾರಿ ಒಂದೊಂದು ಅಂಕಿ ಧ್ವನಿಯಾಗುತ್ತದೆ. ನಕಲಿ ಕಾರ್ಡಿಗೆ ಸ್ವಂತ ಹರಳಿಲ್ಲ. ಹೊರಗಿನ ಯಂತ್ರ ಪುರುಸೊತ್ತಾದಾಗ ಕೊಟ್ಟ ಗಡಿಯಾರವೇ ಗತಿ. ಅಂಕಿಗಳನ್ನು ಮೊದಲೇ ಒಂದಿಷ್ಟು ಕೂಡಿಟ್ಟುಕೊಳ್ಳುತ್ತದೆ, ಸರಿ. ಆದರೆ 1,024 ಅಂಕಿಗಳ ಬುತ್ತಿ ಸುಮಾರು 21 ಮಿಲಿಸೆಕೆಂಡಿಗೆ ಖಾಲಿ. ಅಷ್ಟರೊಳಗೆ ಅತಿಥಿಯ ಸರದಿ ಬರದಿದ್ದರೆ ಕರಕರ ಸದ್ದು. ಬುತ್ತಿ ದೊಡ್ಡದು ಮಾಡಿದರೆ ಕರಕರ ನಿಲ್ಲುತ್ತದೆ, ವಿಡಿಯೊದಲ್ಲಿ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತದೆ. ಇದಕ್ಕೆ ಪೂರ್ತಿ ಔಷಧಿಯನ್ನು ನಾನಂತೂ ಕಂಡಿಲ್ಲ.

ನನ್ನ ಮೂಕ ಡೆಸ್ಕ್‌ಟಾಪಿಗೆ ಬರೋಣ. ವಾಲ್ಯೂಮ್ ಏರಿಸಿದೆ, ವೈರು ಕಿತ್ತು ಚುಚ್ಚಿದೆ, ರೀಸ್ಟಾರ್ಟ್ ಮಾಡಿದೆ. ಎಲ್ಲವೂ ದಂಡ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುವಾಗ ಜೆಟ್ ತಿರುಗದಿದ್ದರೆ ಅನುಭವಸ್ಥರು ಜೆಟ್ಟನ್ನು ಅಲ್ಲಾಡಿಸುತ್ತಾ ನಿಲ್ಲುವುದಿಲ್ಲ. ಪೈಪಿನ ನಡುವಿನ ಜಾಯಿಂಟ್ ಬಿಚ್ಚಿ ನೋಡುತ್ತಾರೆ. ನೀರಿದ್ದರೆ ತೊಂದರೆ ಮುಂದೆ, ಇಲ್ಲದಿದ್ದರೆ ಮೋಟರಿನ ಕಡೆಗೆ. ಲಿನಕ್ಸ್‌ನಲ್ಲಿ ಹಾಡಿನ ತಂತ್ರಾಂಶದಿಂದ ಹೊರಟ ಧ್ವನಿ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ಎಂಬ ಧ್ವನಿ ಹಂಚುವ ತಂತ್ರಾಂಶಕ್ಕೆ, ಅಲ್ಲಿಂದ ಕಾರ್ಡುಗಳ ಡ್ರೈವರುಗಳಿರುವ ಆಲ್ಸಾಗೆ, ಕೊನೆಗೆ ಕಾರ್ಡಿಗೆ ಹೋಗುತ್ತದೆ. ನಡುವಿನ ಜಾಯಿಂಟ್ ಆಲ್ಸಾ. ಅದರ ಪಟ್ಟಿಯಲ್ಲಿ ಒಂದು ಕಾರ್ಡೂ ಇರಲಿಲ್ಲ. ಇನ್ನು ಮೇಲಿನ ವಾಲ್ಯೂಮ್ ಮುಟ್ಟಿ ಪ್ರಯೋಜನವಿಲ್ಲ.

ಪಹಣಿ ತೆಗೆಸುವುದೇ ಸರಿ ಎನಿಸಿತು. ಎಲ್‌ಎಸ್‌ಪಿಸಿಐ ಎಂಬ ಆದೇಶಕ್ಕೆ ‘ಕೆ’ ಅಕ್ಷರ ಸೇರಿಸಿ ಕೊಟ್ಟರೆ ಯಾವ ಯಂತ್ರಾಂಶ ಯಾವ ಡ್ರೈವರಿನ ಅನುಭೋಗದಲ್ಲಿದೆ ಎಂದು ತೋರಿಸುತ್ತದೆ. ಕಾರ್ಡ್ ಇದ್ದ ಜಾಗದಲ್ಲೇ ಇತ್ತು. ಆದರೆ ಡ್ರೈವರಿನ ಹೆಸರು ಬದಲಾಗಿತ್ತು: ವಿಎಫ್‌ಐಒ. ಸಾಧನವನ್ನು ಅತಿಥಿಗೆಂದು ಕಾದಿರಿಸುವ ಡ್ರೈವರ್ ಅದು.

ನಾನೇ ಮಾಡಿದ ಕೆಲಸ. ಹಿಂದಿನ ಭಾನುವಾರ ಕರಕರದಿಂದ ಬೇಸತ್ತು ನಿಜವಾದ ಕಾರ್ಡನ್ನೇ ಅತಿಥಿಗೆ ಬಿಟ್ಟುಕೊಟ್ಟಿದ್ದೆ. ಪಾಸ್‌ಥ್ರೂ ಎನ್ನುತ್ತಾರೆ. ಅದಕ್ಕಾಗಿ ಯಂತ್ರ ಏಳುವಾಗ ಓದುವ ಬೂಟ್ ಸಾಲಿನಲ್ಲಿ ತಯಾರಕರ ಸಂಖ್ಯೆ ಮತ್ತು ಸಾಧನದ ಸಂಖ್ಯೆಯನ್ನು ಬರೆದಿದ್ದೆ. (ಇಂಟೆಲ್‌ನ ಸಂಖ್ಯೆ 8086, 1978ರಲ್ಲಿ ಬಂದ ತನ್ನ ಪ್ರೊಸೆಸರಿನ ಹೆಸರನ್ನು ಕಂಪನಿ ಹೀಗೆ ಉಳಿಸಿಕೊಂಡಿದೆ.) ಮಾಮೂಲಿ ಡ್ರೈವರ್ ಏಳುವ ಮೊದಲೇ ವಿಎಫ್‌ಐಒ ಕಾರ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಅತಿಥಿ ಮಲಗಿದ್ದರೂ ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿದಷ್ಟು ಸಲವೂ ಖಾತೆ ಅದರ ಹೆಸರಿಗೇ.

ಇಲ್ಲಿ ಪೋಡಿಯ ತಕರಾರೂ ಇದೆ. ಮದರ್‌ಬೋರ್ಡಿನ ಧ್ವನಿ ಭಾಗ ಎಷ್ಟೋ ಸಲ ಬೇರೆ ಸಾಧನಗಳ ಜೊತೆ ಒಂದೇ ಐಒಎಂಎಂಯು ಗುಂಪಿನಲ್ಲಿರುತ್ತದೆ. ಯಾವ ಸಾಧನ ಮೆಮೊರಿಯ ಯಾವ ಭಾಗ ಮುಟ್ಟಬಹುದೆಂದು ಕಾಯುವ ಯಂತ್ರಾಂಶ ಈ ಐಒಎಂಎಂಯು. ಪೋಡಿಯಾಗದ ಸರ್ವೆ ನಂಬರಿನ ಹಾಗೆ. ಒಂದನ್ನು ಕೊಟ್ಟರೆ ಉಳಿದವನ್ನೂ ಮನೆಯ ಯಜಮಾನ ಬಳಸುವಂತಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೊಟ್ಟವರಿಗೆ ಬೇರೊಂದು ಅಚ್ಚರಿ: ಎಚ್‌ಡಿಎಂಐ ಧ್ವನಿಯೂ ಅದರ ಜೊತೆಗೇ ಹೋಗಿ ಮಾನಿಟರಿನ ಸ್ಪೀಕರ್ ಮೂಕವಾಗುತ್ತದೆ.

ಬೂಟ್ ಸಾಲನ್ನು ಅಳಿಸಿದೆ. ಅತಿಥಿಗೆಂದು ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್ ತಂದೆ. ಯುಎಸ್‌ಬಿ ಸಾಧನವನ್ನು ಒಂದೊಂದಾಗಿ ಕೊಡಬಹುದು, ಪೋಡಿಯ ರಗಳೆ ಇಲ್ಲ. ಯಂತ್ರ ಎದ್ದಿತು, ‘ಡಮ್ಮಿ’ ಹೋಗಿ ಕಾರ್ಡಿನ ಹೆಸರು ಬಂತು, ಹಾಡೂ ಬಂತು. ಪಲ್ಲವಿ ಮುಗಿಯುವಷ್ಟರಲ್ಲಿ ಶೀಟಿನ ಮೇಲೆ ಮಳೆ ಶುರುವಾಯಿತು.